ಕಥೆಯ ಕೆಲಸವನ್ನು ಮಕ್ಕಳ ಕೈಗೆ ಕೊಡಿ: ಸಂಡೇ ಸ್ಕೂಲ್‌ನಲ್ಲಿ ಕ್ರಾಫ್ಟ್ ಮಾಡಿಸುವ ಬಗೆ

ನಾಳೆ ಯಾವ ಕ್ರಾಫ್ಟ್ ಮಾಡಿಸೋದು ಅಂತ ಶನಿವಾರ ರಾತ್ರಿ ಮೊಬೈಲ್‌ನಲ್ಲಿ ಹುಡುಕುವ ಮುಂಚೆ ಒಂದು ಕೆಲಸ ಮಾಡಿ. ನಾಳೆ ಹೇಳಬೇಕಾದ ಕಥೆಯನ್ನು ಸತ್ಯವೇದದಲ್ಲಿ (ಬೈಬಲಿನಲ್ಲಿ) ತೆಗೆದು, ಪೆನ್ಸಿಲ್ ಹಿಡಿದುಕೊಂಡು ಓದಿ. ಯಾರು ಏನು ಮಾಡಿದರು ಅನ್ನುವ ಮಾತು ಬಂದ ಕಡೆಯಲ್ಲೆಲ್ಲ ಕೆಳಗೆ ಗೆರೆ ಎಳೆಯಿರಿ. ಹುಡುಕಿದಳು, ಇಳಿಸಿದರು, ಬಿತ್ತಿದನು, ಹಂಚಿದರು, ಹತ್ತಿದನು. ಅವುಗಳಲ್ಲಿ ಯಾವುದು ಇಲ್ಲದಿದ್ದರೆ ಕಥೆಯೇ ಇಲ್ಲವೋ ಆ ಒಂದನ್ನು ಆರಿಸಿ. ನಿಮ್ಮ ಕ್ರಾಫ್ಟ್ ಅದೇ. ಮಕ್ಕಳ ಕೈ ಆ ಕೆಲಸವನ್ನೇ ಮಾಡಬೇಕು.

ನಾನು ಹುಬ್ಬಳ್ಳಿಯಲ್ಲಿ 11 ವರ್ಷದಿಂದ ಸಂಡೇ ಸ್ಕೂಲ್ ಕಲಿಸುತ್ತಿದ್ದೇನೆ, ಬೇಸಿಗೆ ರಜೆಯಲ್ಲಿ ವಿಬಿಎಸ್ (ವೆಕೇಶನ್ ಬೈಬಲ್ ಸ್ಕೂಲ್) ಕೂಡ. ಮೊದಲ ನಾಲ್ಕೈದು ವರ್ಷ ಎಲ್ಲರೂ ಮಾಡಿಸುವುದನ್ನೇ ನಾನೂ ಮಾಡಿಸಿದೆ. ಪೇಪರ್ ಪ್ಲೇಟಿನ ಸಿಂಹ, ಹತ್ತಿ ಅಂಟಿಸಿದ ಕುರಿ, ಬಣ್ಣ ತುಂಬುವ ಕಾಮನಬಿಲ್ಲು. ಚೆಂದವೇ ಇದ್ದವು. ಆದರೆ ಮುಂದಿನ ವಾರ "ದಾನಿಯೇಲನನ್ನು ಸಿಂಹದ ಗವಿಗೆ ಯಾಕೆ ಹಾಕಿದರು?" ಅಂತ ಕೇಳಿದರೆ ತರಗತಿಯೆಲ್ಲ ಮೌನ. ಸಿಂಹದ ಕೂದಲು ಹೇಗೆ ಕತ್ತರಿಸಿದ್ದು ಅನ್ನುವುದು ಮಾತ್ರ ಎಲ್ಲರಿಗೂ ನೆನಪಿತ್ತು. ಯಾಕೆಂದರೆ ಅವರ ಕೈ ಮಾಡಿದ್ದು ಅದನ್ನೇ, ಅಲ್ವಾ? ಆ ಕಥೆಯಲ್ಲಿ ದಾನಿಯೇಲ ಮಾಡಿದ್ದು ಏನು? ರಾಜನನ್ನು ಬಿಟ್ಟು ಬೇರೆ ಯಾರಿಗೂ ಪ್ರಾರ್ಥಿಸಬಾರದು ಅನ್ನುವ ಆಜ್ಞೆ ಗೊತ್ತಿದ್ದೂ ಯೆರೂಸಲೇಮಿನ ಕಡೆಗೆ ತೆರೆದಿದ್ದ ಕಿಟಕಿಯ ಬಳಿ ದಿನಕ್ಕೆ ಮೂರು ಸಾರಿ ಮೊಣಕಾಲೂರಿದ. ಹಾಗಾದರೆ ಮಾಡಿಸಬೇಕಾದದ್ದು ತೆರೆಯುವ, ಮುಚ್ಚುವ ಒಂದು ಕಿಟಕಿ. ದಪ್ಪ ಕಾಗದ ಮಡಚಿ ಎರಡು ಕದ ಮಾಡಿ, ಒಳಗೆ ಮಗು ತಾನು ಪ್ರಾರ್ಥಿಸಬೇಕಾದ ಮೂರು ವಿಷಯ ಬರೆಯಲಿ. ಕಿಟಕಿಯನ್ನು ಮನೆಗೆ ಒಯ್ದು ದಿನಕ್ಕೆ ಮೂರು ಸಾರಿ ತೆರೆಯಲಿ. ಅದನ್ನು ಮಾಡಿಸಿದ ವರ್ಷದ ಮಕ್ಕಳು ಈಗ ಪಿಯುಸಿಯಲ್ಲಿದ್ದಾರೆ, ಈಗಲೂ ಆ ಕಿಟಕಿಯ ಮಾತು ತೆಗೆಯುತ್ತಾರೆ.

ನೀವು ಆರಿಸಿದ ಕ್ರಾಫ್ಟ್ ಸರಿಯಾಗಿದೆಯೋ ಇಲ್ಲವೋ ಅಂತ ನೋಡಲು ಒಂದು ಸುಲಭ ಪರೀಕ್ಷೆ ಇದೆ. ಅದರಿಂದ ಕಥೆಯನ್ನು ತೆಗೆದುಬಿಡಿ. ಆಮೇಲೂ ಆ ಕ್ರಾಫ್ಟ್ ಯಾವುದಾದರೂ ಹುಟ್ಟುಹಬ್ಬಕ್ಕೆ ಹೊಂದುವಂತಿದ್ದರೆ ಅದು ಬರೀ ಅಲಂಕಾರ. ಬೇರೆ ಹುಡುಕಿ.

ಸಾಮಾನು ಮತ್ತು ಅಂಟು

ಜಾಸ್ತಿ ಖರ್ಚು ಬೇಡ. ಜೂನ್‌ನಲ್ಲಿ ಶಾಲೆ ಶುರುವಾದಾಗ ಎಲ್ಲರ ಮನೆಯಲ್ಲೂ ಶೂ ಡಬ್ಬ ಬರುತ್ತದೆ, ಆಗಲೇ ಹೇಳಿ ಇಟ್ಟುಕೊಳ್ಳಿ. ಟೇಲರ್ ಅಂಗಡಿಯ ಬಟ್ಟೆ ಚೂರು, ಮದುವೆ ಕಾರ್ಡು, ಹಳೇ ಪೇಪರ್, ತೆಂಗಿನ ಗರಿಯ ಕಡ್ಡಿ, ನೂಲು, ಬೆಂಕಿಪೆಟ್ಟಿಗೆಯ ಖಾಲಿ ಡಬ್ಬಿ, ಜೋಳದ ದಂಟು ಸಾಕು. ಮದುವೆ ಕಾರ್ಡಿನ ಮೇಲೆ ಬೇರೆಯವರ ದೇವರ ಚಿತ್ರ ಇದ್ದರೆ ಅದನ್ನು ಕತ್ತರಿಸಲು ಮಕ್ಕಳಿಗೆ ಕೊಡಬೇಡಿ, ಪಕ್ಕಕ್ಕಿಡಿ. ಬೇರೆಯವರು ಪೂಜಿಸುವುದಕ್ಕೆ ಮರ್ಯಾದೆ ಕೊಡುವುದನ್ನೂ ಮಕ್ಕಳು ನಮ್ಮನ್ನು ನೋಡಿಯೇ ಕಲಿಯುವುದು.

ಅಂಟು ಮನೆಯಲ್ಲೇ ಆಗುತ್ತದೆ. 1 ಲೋಟ ಮೈದಾವನ್ನು 1 ಲೋಟ ತಣ್ಣೀರಿನಲ್ಲಿ ಗಂಟಿಲ್ಲದೆ ಕಲಸಿ, ಕುದಿಯುವ 3 ಲೋಟ ನೀರಿಗೆ ಸುರಿದು, ಸಣ್ಣ ಉರಿಯಲ್ಲಿ ತಿರುವುತ್ತಾ ಇದ್ದರೆ ಎರಡು ಮೂರು ನಿಮಿಷದಲ್ಲಿ ಗಂಜಿ ಹಾಗೆ ಹೊಳೆಯುತ್ತದೆ, ಅಷ್ಟೇ. ಪೋಸ್ಟರ್ ಅಂಟಿಸುವವರು ಹುಳ ಬಾರದಿರಲಿ ಅಂತ ಇದಕ್ಕೆ ಮೈಲುತುತ್ತ ಹಾಕುತ್ತಾರೆ. ಅದು ವಿಷ. ಮಕ್ಕಳ ಅಂಟಿಗೆ ಚಿಟಿಕೆಯಷ್ಟೂ ಬೇಡ. ಹಾಕದಿದ್ದರೆ ಎರಡು ದಿನ ಇರುತ್ತದೆ, ನಮಗೆ ಅಷ್ಟು ಸಾಕು.

ಬೊಂಬೆ ಮಾಡಲು ಉಪ್ಪಿನ ಹಿಟ್ಟು ಒಳ್ಳೆಯದು. 2 ಲೋಟ ಮೈದಾ, 1 ಲೋಟ ಪುಡಿ ಉಪ್ಪು, ಸ್ವಲ್ಪ ಸ್ವಲ್ಪವಾಗಿ ಸುಮಾರು ಮುಕ್ಕಾಲು ಲೋಟ ನೀರು ಹಾಕಿ ಚಪಾತಿ ಹಿಟ್ಟಿಗಿಂತ ಗಟ್ಟಿಯಾಗಿ ನಾದಿ. ಬಿಸಿಲಲ್ಲಿ ಎರಡು ಮೂರು ದಿನಕ್ಕೆ ಕಲ್ಲಿನ ಹಾಗೆ ಆಗುತ್ತದೆ. ಕರಾವಳಿಯವರು ಮಳೆಗಾಲದಲ್ಲಿ ಇದನ್ನು ಮಾಡಿಸಬೇಡಿ. ಉಪ್ಪು ಗಾಳಿಯ ತೇವ ಎಳೆದುಕೊಂಡು ಬೊಂಬೆ ಬೆವರಿ, ಬಾಗಿ, ಕೊನೆಗೆ ಕುಸಿದೇ ಹೋಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಕಾಗದ, ಬಟ್ಟೆಯ ಕೆಲಸ ಇಟ್ಟುಕೊಳ್ಳಿ.

ಇನ್ನೊಂದು ಮಾತು, ಇದನ್ನು ದಯವಿಟ್ಟು ಮರೆಯಬೇಡಿ. ಕೆಂಪು ಕಪ್ಪು ಬಣ್ಣದ ಗುಲಗಂಜಿ ನೋಡಲು ಬಹಳ ಚೆಂದ, ಬೊಂಬೆಯ ಕಣ್ಣಿಗೆ ಹೇಳಿ ಮಾಡಿಸಿದ ಹಾಗೆ ಇರುತ್ತದೆ. ಅದರ ಒಳಗಿನ ವಿಷ ತುಂಬಾ ಕೆಟ್ಟದ್ದು, ಒಡೆದೋ ಅಗಿದೋ ನುಂಗಿದರೆ ಜೀವಕ್ಕೇ ಅಪಾಯ. ಸಂಡೇ ಸ್ಕೂಲ್ ಡಬ್ಬಿಯಲ್ಲಿ ಅದು ಇರಲೇಬಾರದು. ನಾಲ್ಕು ವರ್ಷದ ಒಳಗಿನವರಿಗೆ ಮಣಿ, ಗುಂಡಿ, ಕಡಲೆ, ಬಟಾಣಿ ಕೂಡ ಕೊಡಬೇಡಿ. ಮೂಗಿಗೋ ಬಾಯಿಗೋ ಹಾಕಿಕೊಳ್ಳುತ್ತಾರೆ.

ನಾಲ್ವರು ಗೆಳೆಯರು, ಒಂದು ಮಾಳಿಗೆ

ಒಂದೇ ಒಂದು ಕ್ರಾಫ್ಟ್ ಮಾಡಿಸಲು ಸಮಯ ಇದೆ ಅಂದರೆ ಇದನ್ನು ಮಾಡಿಸಿ. ಮಾರ್ಕನ ಸುವಾರ್ತೆಯ 2ನೇ ಅಧ್ಯಾಯ. ಯೇಸು ಗಲಿಲಾಯ ಸೀಮೆಯ ಕಪೆರ್ನೌಮ್ ಊರಿನಲ್ಲಿ ಮನೆಯೊಳಗಿದ್ದಾನೆ, ಬಾಗಿಲಿನ ಹತ್ತಿರವೂ ಜಾಗವಿಲ್ಲದಷ್ಟು ಜನ. ನಾಲ್ವರು ಒಬ್ಬ ಪಾರ್ಶ್ವವಾಯು ರೋಗಿಯನ್ನು ಹೊತ್ತು ತಂದು, ಒಳಗೆ ಹೋಗಲಾಗದೆ ಚಾವಣಿ ಹತ್ತಿ, ಅದನ್ನು ಅಗೆದು ತೆಗೆದು, ಹಾಸಿಗೆ ಸಮೇತ ಅವನನ್ನು ಕೆಳಗಿಳಿಸಿದರು.

ಪಟ್ಟಣದ ಮಕ್ಕಳಿಗೆ ಇಲ್ಲೇ ಕಥೆ ನಿಂತುಬಿಡುತ್ತದೆ. ಆರ್‌ಸಿಸಿ ಚಾವಣಿಯನ್ನು ಅಗೆಯೋದು ಹೇಗೆ? ಆದರೆ ವಿಜಯಪುರ, ಬಾಗಲಕೋಟೆ, ಗದಗ ಕಡೆಯ ಹಳೇ ಮಾಳಿಗೆ ಮನೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಯೇ ಇಲ್ಲ. ತೊಲೆ, ಅದರ ಮೇಲೆ ಜಂತಿ, ಅದರ ಮೇಲೆ ಕಟ್ಟಿಗೆ ಸೊಪ್ಪು, ಅದರ ಮೇಲೆ ಮೆತ್ತಿದ ಮಣ್ಣು. ಚಪ್ಪಟೆ ಮೇಲ್ಮುದ್ದೆ, ಹತ್ತಲು ಮೆಟ್ಟಿಲು ಅಥವಾ ನಿಚ್ಚಣಿಕೆ, ಬೆಳಕಿಗೆ ಅಂತ ನಡುವೆ ಒಂದು ಬೆಳಕಿಂಡಿ. ಗಲಿಲಾಯದ ಮನೆಗಳೂ ಹೆಚ್ಚುಕಡಿಮೆ ಹೀಗೇ ಇದ್ದವು. ನನ್ನ ಅಜ್ಜಿಯ ಮನೆ ಅಂಥದ್ದು. ಮಳೆಗಾಲಕ್ಕೆ ಮುಂಚೆ ಮಾಳಿಗೆ ಮೇಲೆ ಮಣ್ಣು ಹಾಕಿ ಬಡಿಯುವುದನ್ನು ಕಣ್ಣಾರೆ ಕಂಡ ನನಗೆ, ಆ ನಾಲ್ವರು ಮಾಡಿದ ಕೆಲಸ ಎಷ್ಟು ಬೆವರಿನದು, ಕೆಳಗಿದ್ದವರ ತಲೆ ಮೇಲೆ ಎಷ್ಟು ಮಣ್ಣು ಉದುರಿರಬೇಕು ಅನ್ನುವುದು ಓದಿದ ಕೂಡಲೇ ಗೊತ್ತಾಗುತ್ತದೆ.

ಮಂಗಳೂರು, ಉಡುಪಿ ಕಡೆಯವರು ಇದೇ ಕಥೆಯನ್ನು ಲೂಕನ 5ನೇ ಅಧ್ಯಾಯದಿಂದ ಓದಿ. ಲೂಕ ಹಂಚು ಅಂತಲೇ ಬರೆದಿದ್ದಾನೆ. ಅಲ್ಲಿನ ಮಕ್ಕಳಿಗೆ ಹಂಚು ಸರಿಸುವುದು ಅಂದರೆ ಏನು ಅಂತ ಹೇಳಿಕೊಡಬೇಕಿಲ್ಲ. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ, ನೇತ್ರಾವತಿಯ ದಂಡೆಯಲ್ಲಿ ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಸಂಸ್ಥೆಯವರು ಹಂಚಿನ ಕಾರ್ಖಾನೆ ಹಾಕಿದ ಕಡೆ ಅದು. ಕೆಲವು ಮಕ್ಕಳ ಮುತ್ತಾತಂದಿರು ಅಂಥ ಕಾರ್ಖಾನೆಗಳಲ್ಲೇ ದುಡಿದವರು ಇರಬಹುದು, ಕೇಳಿ ನೋಡಿ.

ಈಗ ಮಾಡುವ ರೀತಿ. ನಾಲ್ಕು ಮಕ್ಕಳಿಗೆ ಒಂದು ಮನೆ, ಐದಲ್ಲ, ಮೂರಲ್ಲ. ಶೂ ಡಬ್ಬವನ್ನು ಬೋರಲು ಹಾಕಿ, ಒಂದು ಬದಿಯಲ್ಲಿ ಬಾಗಿಲು ಕತ್ತರಿಸಿ. ಮೇಲೆ 14 ಸೆಂಟಿಮೀಟರ್ ಉದ್ದ, 9 ಸೆಂಟಿಮೀಟರ್ ಅಗಲದ ಕಿಂಡಿ ಕತ್ತರಿಸಿ. ಇದನ್ನು ನೀವೇ ಮನೆಯಲ್ಲಿ ಬ್ಲೇಡಿನಿಂದ ಕತ್ತರಿಸಿಟ್ಟುಕೊಂಡು ಬನ್ನಿ. ಮಕ್ಕಳು ಆ ಕಿಂಡಿಯ ಮೇಲೆ ತೆಂಗಿನ ಕಡ್ಡಿಗಳನ್ನು ಜಂತಿಯ ಹಾಗೆ ಸಾಲಾಗಿ ಇಡಲಿ, ಅದರ ಮೇಲೆ ಒಣಹುಲ್ಲು, ಅದರ ಮೇಲೆ ನೀರಲ್ಲಿ ನೆನೆಸಿ ಹಿಂಡಿದ ಪೇಪರಿನ ಮುದ್ದೆ ಅಥವಾ ನಿಜವಾದ ಕೆಸರು. ಇಷ್ಟಕ್ಕೇ 20 ನಿಮಿಷ ಬೇಕು. ಅವಸರ ಮಾಡಬೇಡಿ. ತಾವೇ ಕಟ್ಟಿದ್ದನ್ನು ಒಡೆಯುವಾಗ ಕೈ ಹಿಂಜರಿಯಬೇಕು, ಅದಕ್ಕೇ ಕಟ್ಟಿಸುವುದು.

ಹಾಸಿಗೆಗೆ ಹಳೇ ಪಂಚೆಯ 10 ಸೆಂಟಿಮೀಟರ್ ಉದ್ದ, 6 ಸೆಂಟಿಮೀಟರ್ ಅಗಲದ ತುಂಡು. ನಾಲ್ಕು ಮೂಲೆಗೆ ನಾಲ್ಕು ನೂಲು, ಒಂದೊಂದು 30 ಸೆಂಟಿಮೀಟರ್. ರೋಗಿಯನ್ನು ಬಟ್ಟೆ ಸುತ್ತಿದ ಕಡ್ಡಿಯಿಂದಲೋ ಹಿಟ್ಟಿನಿಂದಲೋ ಮಾಡಿ. ಈಗ ಒಬ್ಬೊಬ್ಬರಿಗೆ ಒಂದೊಂದು ನೂಲು ಕೊಟ್ಟು, ಚಾವಣಿ ತೆಗೆದು ಇಳಿಸಲು ಹೇಳಿ. ನೀವು ಸುಮ್ನೆ ನೋಡಿ.

ಮೊದಲ ಸಾರಿ ಅವನು ಬೀಳುತ್ತಾನೆ. ಹೆಚ್ಚಿನ ಗುಂಪುಗಳಲ್ಲಿ ಹಾಗೇ ಆಗುತ್ತದೆ. ಒಬ್ಬ ಬೇಗ ಬಿಡುತ್ತಾನೆ, ಇನ್ನೊಬ್ಬಳು ಎಳೆದು ಹಿಡಿಯುತ್ತಾಳೆ, ಹಾಸಿಗೆ ಓರೆಯಾಗಿ ರೋಗಿ ಜಾರಿ ಹೋಗುತ್ತಾನೆ. ಎರಡನೇ ಸಾರಿ ಯಾರೂ ಹೇಳಿಕೊಡದೆಯೇ ಅವರು ಒಬ್ಬರ ಮುಖ ಒಬ್ಬರು ನೋಡುತ್ತಾ "ಸಾವಕಾಶ, ಸಾವಕಾಶ" ಅನ್ನತೊಡಗುತ್ತಾರೆ. ಆಗ ಕೇಳಿ: ನಾಲ್ವರಲ್ಲಿ ಒಬ್ಬ ಗೆಳೆಯ ಆ ದಿನ ಬರದೇ ಇದ್ದಿದ್ದರೆ ಏನಾಗುತ್ತಿತ್ತು? ಯೇಸು ಯಾರ ನಂಬಿಕೆಯನ್ನು ನೋಡಿದ ಅಂತ ವಾಕ್ಯ ಹೇಳುತ್ತದೆ? ರೋಗಿಯದು ಮಾತ್ರವಾ? ವಾಕ್ಯದಲ್ಲಿ "ಅವರ ನಂಬಿಕೆ" ಅಂತ ಇದೆ. ನೂಲು ಹಿಡಿದ ಕೈಗೆ ಆ "ಅವರ" ಅನ್ನುವ ಮಾತು ಎಷ್ಟು ಬೇಗ ತಲುಪುತ್ತದೆ ಅಂದರೆ, ನಾನು ಎಷ್ಟು ಪ್ರಸಂಗ ಮಾಡಿದ್ದರೂ ಅಷ್ಟು ತಲುಪಿಸಲಾಗುತ್ತಿರಲಿಲ್ಲ.

ಕಥೆ ಅಲ್ಲಿಗೆ ಮುಗಿಯಲಿಲ್ಲ, ನೆನಪಿರಲಿ. ಯೇಸು ಅವನನ್ನು ವಾಸಿಮಾಡಿದ. ಮೇಲಿನಿಂದ ಬಂದವನು ಬಾಗಿಲಿನಿಂದ ಹೊರಗೆ ನಡೆದು ಹೋಗಬೇಕು, ಹಾಸಿಗೆ ಸುತ್ತಿ ಹೆಗಲ ಮೇಲಿಟ್ಟುಕೊಂಡು. ಮಕ್ಕಳು ನೂಲು ಬಿಚ್ಚಿ, ಹಾಸಿಗೆ ಸುತ್ತಿ, ಅವನನ್ನು ಬಾಗಿಲಿನಿಂದ ನಡೆಸಲಿ. ಹೋದ ವರ್ಷ ಎರಡನೇ ಕ್ಲಾಸಿನ ಹುಡುಗಿಯೊಬ್ಬಳು "ಟೀಚರ್, ಮಾಳಿಗೆ ಯಾರು ರಿಪೇರಿ ಮಾಡಿದ್ರು?" ಅಂದಳು. ವಾಕ್ಯದಲ್ಲಿ ಅದು ಇಲ್ಲ ಅಂದೆ. ಅವಳ ಗುಂಪಿನವರು ಕೂತು ತಮ್ಮ ಮಾಳಿಗೆಯನ್ನು ಮತ್ತೆ ಮೆತ್ತಿದರು. ಇನ್ನೊಬ್ಬರ ಮನೆಯ ಚಾವಣಿ ಅದು, ಅಲ್ವಾ. ಆ ದಿನ ಹಾಡಿಗೆ ಸಮಯ ಉಳಿಯಲಿಲ್ಲ, ಪರವಾಗಿಲ್ಲ.

ಮೊಳ, ಗೇಣು ನಮ್ಮವೇ

ಸತ್ಯವೇದದ ಅಳತೆಗಳನ್ನು ಕನ್ನಡದ ಮಕ್ಕಳಿಗೆ ಹೇಳುವುದು ತುಂಬಾ ಸುಲಭ. ಮೊಣಕೈಯಿಂದ ನಡುಬೆರಳ ತುದಿಯವರೆಗೆ ಒಂದು ಮೊಳ. ಮಲ್ಲಿಗೆ ಮಾರುವವರು ಅಳೆಯುವುದನ್ನು ಎಲ್ಲರೂ ನೋಡಿದ್ದಾರೆ. ಆ ಮೊಳವೇ ನೋಹನ ಮೊಳ.

ಆದಿಕಾಂಡ 6ರಲ್ಲಿ, ಜಲಪ್ರಳಯಕ್ಕೆ ಮುಂಚೆ ನೋಹ ಕಟ್ಟಿದ ನಾವೆಯ ಅಳತೆ ಇದೆ: ಉದ್ದ 300 ಮೊಳ, ಅಗಲ 50 ಮೊಳ, ಎತ್ತರ 30 ಮೊಳ, ಮೂರು ಅಂತಸ್ತು. ಒಂದು ಮೊಳಕ್ಕೆ ಒಂದು ಮಿಲಿಮೀಟರ್ ಅಂತ ಇಟ್ಟುಕೊಂಡರೆ ಉದ್ದ ಸರಿಯಾಗಿ 30 ಸೆಂಟಿಮೀಟರ್. ಅಂದರೆ ಮಕ್ಕಳ ಕಂಪಾಸ್ ಪಕ್ಕ ಇರುವ ದೊಡ್ಡ ಸ್ಕೇಲಿನಷ್ಟು! ಅಗಲ 5 ಸೆಂಟಿಮೀಟರ್, ಎತ್ತರ 3. ರಟ್ಟಿನಲ್ಲಿ 30ಕ್ಕೆ 5ರ ಎರಡು ಪಟ್ಟಿ (ತಳ, ಚಾವಣಿ), 30ಕ್ಕೆ 3ರ ಎರಡು (ಬದಿಗಳು), 5ಕ್ಕೆ 3ರ ಎರಡು (ತುದಿಗಳು) ಕತ್ತರಿಸಿ ಜೋಡಿಸಿದರೆ ನಾವೆ ಸಿದ್ಧ. ಪುಸ್ತಕದ ಚಿತ್ರಗಳಲ್ಲಿ ಜಿರಾಫೆ ಕತ್ತು ಹೊರಗೆ ಹಾಕಿಕೊಂಡಿರುವ ಗುಂಡು ದೋಣಿ ನೋಡಿದ ಮಕ್ಕಳು ಈ ಉದ್ದನೆಯ ಪೆಟ್ಟಿಗೆ ನೋಡಿ ಬೆರಗಾಗುತ್ತಾರೆ.

ಅದೇ ಅಳತೆಯಲ್ಲಿ ಮನುಷ್ಯ ಎಷ್ಟು ದೊಡ್ಡವನು? ಸುಮಾರು ನಾಲ್ಕು ಮೊಳ, ಅಂದರೆ ನಾಲ್ಕು ಮಿಲಿಮೀಟರ್, ಅಂದರೆ ಒಂದು ಜೋಳದ ಕಾಳು. ನೋಹ, ಅವನ ಹೆಂಡತಿ, ಮೂವರು ಗಂಡುಮಕ್ಕಳು, ಮೂವರು ಸೊಸೆಯಂದಿರು, ಒಟ್ಟು ಎಂಟು ಜೋಳದ ಕಾಳು ಒಳಗೆ ಅಂಟಿಸಿ. ಅಷ್ಟು ದೊಡ್ಡ ನಾವೆಯಲ್ಲಿ ಎಂಟೇ ಕಾಳು. ಇಲ್ಲಿ ನೀವು ಏನೂ ಹೇಳಬೇಕಿಲ್ಲ, ಮಕ್ಕಳೇ ಹೇಳುತ್ತಾರೆ.

ಈ ಕಥೆಯಲ್ಲಿ ಕೈ ಮಾಡಬೇಕಾದ ಕೆಲಸ ಬಣ್ಣ ಹಚ್ಚುವುದಲ್ಲ. ದೇವರು ನೋಹನಿಗೆ ಒಳಗೂ ಹೊರಗೂ ರಾಳ ಬಳಿಯಲು ಹೇಳಿದ. ಆದ್ದರಿಂದ ಮಕ್ಕಳು ಚಾವಣಿ ಮುಚ್ಚುವ ಮುಂಚೆ ಒಳಗೆ, ಆಮೇಲೆ ಹೊರಗೆ, ಅಂಟುವ ಟೇಪನ್ನು ಸಂದು ಬಿಡದ ಹಾಗೆ ಹಚ್ಚಲಿ. ದೊಡ್ಡ ಮಕ್ಕಳಾದರೆ ನೀವೇ ಮೇಣ ಕರಗಿಸಿ, ಸ್ವಲ್ಪ ಆರಿಸಿ, ಬ್ರಷ್‌ನಿಂದ ಬಳಿಯಲು ಕೊಡಿ. ಆಮೇಲೆ ಒಂದು ಟಬ್ ನೀರಿನಲ್ಲಿ ತೇಲಿಬಿಡಿ, ಮೇಲಿನಿಂದ ನೀರು ಹೊಯ್ಯಿರಿ. ಹತ್ತು ನಿಮಿಷ ಬಿಡಿ. ಸಂದು ಬಿಟ್ಟವರ ನಾವೆ ಒಂದು ಬದಿಗೆ ವಾಲುತ್ತದೆ. ಅಂಥ ಮಗುವಿಗೆ ಟೇಪ್ ಕೊಟ್ಟು ಮತ್ತೆ ಹಚ್ಚಲು ಬಿಡಿ, ಅಳುತ್ತಾ ಮನೆಗೆ ಹೋಗಬಾರದು. ಮಳೆ ಬರುವ ಸುಳಿವೇ ಇಲ್ಲದಾಗ ನೋಹ ಇಷ್ಟು ಜತನದಿಂದ ಮಾಡಿದ್ದ ಅನ್ನುವ ಮಾತನ್ನು ನಾನು ಆ ಎರಡನೇ ಸಾರಿ ಟೇಪ್ ಹಚ್ಚುವಾಗ ಹೇಳುತ್ತೇನೆ.

ದಾವೀದ ಕವಣೆ ಕಲ್ಲಿನಿಂದ ಬೀಳಿಸಿದ ದೈತ್ಯ ಗೊಲ್ಯಾತನದೂ ಹೀಗೆಯೇ. ಒಂದನೇ ಸಮುವೇಲ 17ರ ಪ್ರಕಾರ ಅವನು ಆರು ಮೊಳ ಒಂದು ಗೇಣು. ದೊಡ್ಡವರ ಮೊಳ ಸುಮಾರು 45 ಸೆಂಟಿಮೀಟರ್ ಅಂದರೆ 290 ಸೆಂಟಿಮೀಟರ್ ಹತ್ತಿರ. ಹಳೇ ಪೇಪರುಗಳನ್ನು ಉದ್ದಕ್ಕೆ ಅಂಟಿಸಿ ನೆಲದ ಮೇಲೆ ಅವನನ್ನು ಬರೆದು ಕತ್ತರಿಸಿ, ಗೋಡೆಗೆ ನಿಲ್ಲಿಸಿ. ಹೆಚ್ಚಿನ ಕೋಣೆಗಳಲ್ಲಿ ತಲೆ ಚಾವಣಿಗೆ ತಾಗುವಷ್ಟು ಆಗುತ್ತದೆ. ಒಂದೊಂದು ಮಗು ಅವನ ಪಕ್ಕ ನಿಂತು ತನ್ನ ತಲೆ ಎಲ್ಲಿಗೆ ಬರುತ್ತದೆ ಅಂತ ಗುರುತು ಹಾಕಲಿ. ಆಮೇಲೆ ಐದು ನುಣುಪು ಕಲ್ಲು ಆರಿಸಿ ತರಲಿ. ಕವಣೆ ಮಾಡಿಸಬೇಡಿ, ಯಾವ ಕಾರಣಕ್ಕೂ ಬೇಡ. ಕಲ್ಲಿನ ಮೇಲೆ ತಮಗೆ ಹೆದರಿಕೆಯಾಗುವ ಒಂದೊಂದು ವಿಷಯ ಬರೆಯಲಿ. ಹೋದ ಸಲ ಹುಡುಗನೊಬ್ಬ ಒಂದೇ ಕಲ್ಲಿನ ಮೇಲೆ ಬರೆದ: "ಅಪ್ಪ ಕುಡಿದು ಬಂದಾಗ." ಇಂಥದ್ದು ಬರುತ್ತದೆ. ಅದನ್ನು ಎಲ್ಲರ ಮುಂದೆ ಓದಬೇಡಿ. ಆ ಮಗುವಿನ ಜೊತೆ ಆಮೇಲೆ ಒಬ್ಬರೇ ಕೂತು ಮಾತಾಡಿ, ಚರ್ಚಿನ ಸಭಾಪಾಲಕರಿಗೆ ತಿಳಿಸಿ, ಮಗು ಕಷ್ಟದಲ್ಲಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ. ಕ್ರಾಫ್ಟ್ ಮಾಡಿಸುವವರು ಇಷ್ಟಕ್ಕೂ ತಯಾರಿರಬೇಕು. ಕೈ ಕೆಲಸ ಮಾಡುವಾಗ ಬಾಯಿ ತಾನಾಗೇ ಬಿಚ್ಚಿಕೊಳ್ಳುತ್ತದೆ.

ಬಿತ್ತುವವನ ಸಾಮ್ಯ, ಎರಡು ವಾರದ ಕೆಲಸ

ಮತ್ತಾಯನ ಸುವಾರ್ತೆ 13. ಒಬ್ಬ ಬಿತ್ತಿದ ಬೀಜ ನಾಲ್ಕು ಥರದ ನೆಲಕ್ಕೆ ಬಿದ್ದ ಕಥೆ, ಯೇಸು ಹೇಳಿದ್ದು: ದಾರಿ, ಕಲ್ಲುನೆಲ, ಮುಳ್ಳು, ಒಳ್ಳೆಯ ನೆಲ. ಇದಕ್ಕೆ ಹಣ್ಣಿನ ಅಂಗಡಿಯ ಮರದ ಪೆಟ್ಟಿಗೆ ತಂದು ಪ್ಲಾಸ್ಟಿಕ್ ಹಾಸಿ ನಾಲ್ಕು ಭಾಗ ಮಾಡಿ. ಒಂದರಲ್ಲಿ ಮಣ್ಣು ಹಾಕಿ, ನೀರು ಚಿಮುಕಿಸಿ, ಕಾಲಲ್ಲಿ ತುಳಿದು ಗಟ್ಟಿ ಮಾಡಿ. ಎರಡನೆಯದರಲ್ಲಿ ಜಲ್ಲಿ ತುಂಬಿ ಮೇಲೆ ಬೆರಳ ದಪ್ಪದಷ್ಟೇ ಮಣ್ಣು. ಮೂರನೆಯದರಲ್ಲಿ ಒಂದು ವಾರ ಮುಂಚೆಯೇ ನೀವು ದಟ್ಟವಾಗಿ ಮೆಂತ್ಯ ಬಿತ್ತಿ ಬೆಳೆಸಿಟ್ಟಿರಬೇಕು, ಅದು ನಮ್ಮ ಕಳೆ. ನಿಜವಾದ ಜಾಲಿಮುಳ್ಳು ಬೇಡ. ನಾಲ್ಕನೆಯದರಲ್ಲಿ ಗೊಬ್ಬರ ಬೆರೆಸಿದ ಒಳ್ಳೆ ಮಣ್ಣು.

ಹೆಸರುಕಾಳು ಬಿತ್ತಿ, ಬೇಗ ಮೊಳೆಯುತ್ತದೆ. ತುಳಿದ ನೆಲದ ಮೇಲೆ ಬಿದ್ದದ್ದನ್ನು ಹೊರಗೆ ಇಟ್ಟು ನೋಡಿ, ಗುಬ್ಬಿ ಅಥವಾ ಪಾರಿವಾಳ ಬಂದು ತಿಂದೇ ತಿನ್ನುತ್ತದೆ, ಅದನ್ನು ತಡೆಯಬೇಡಿ. ಇಲ್ಲಿ ಟೀಚರ್‌ಗಳು ಮಾಡುವ ತಪ್ಪು ಒಂದಿದೆ: ದಿನಾ ನೀರು ಹಾಕುವುದು. ದಿನಾ ಹಾಕಿದರೆ ಕಲ್ಲಿನ ಮೇಲಿನ ಸಸಿಯೂ ಬದುಕಿಬಿಡುತ್ತದೆ. ಎಲ್ಲಕ್ಕೂ ಒಂದೇ ಸಮ, ಮೂರು ದಿನಕ್ಕೊಮ್ಮೆ ಹಾಕಿ, ಬಿಸಿಲಿಗಿಡಿ. ತೆಳು ಮಣ್ಣು ಬೇಗ ಬಿಸಿಯಾಗುತ್ತದೆ, ಹಾಗಾಗಿ ಎಷ್ಟೋ ಸಲ ಮೊದಲು ತಲೆ ಎತ್ತುವುದು ಅದೇ, ಮೊದಲು ಬಾಡುವುದೂ ಅದೇ. ಮಣ್ಣು ಆಳವಿಲ್ಲದ್ದರಿಂದ ಬೇಗನೆ ಮೊಳೆಯಿತು ಅಂತ ಯೇಸು ಹೇಳಿದ್ದು ಹೊಲ ಬಲ್ಲವರ ಮಾತು. ಎರಡನೇ ಭಾನುವಾರ ಸಸಿ ಬಂದ ಕಡೆಯಿಂದೆಲ್ಲ ಒಂದೊಂದು ಕಿತ್ತು ಬೇರು ಅಳೆಯಿಸಿ. ಮಧ್ಯದಲ್ಲಿ ಬುಧವಾರ ಒಂದು ಫೋಟೋ ತೆಗೆದು ಪೋಷಕರ ವಾಟ್ಸಾಪ್ ಗುಂಪಿಗೆ ಹಾಕಿದರೆ ವಾರವಿಡೀ ಮನೆಗಳಲ್ಲಿ ಅದೇ ಮಾತು.

ಕಪ್ಪು ಕುರಿ, ಕೌದಿಯ ಅಂಗಿ

ಕುರಿ ಅಂದರೆ ಬಿಳಿ ಹತ್ತಿ ಅನ್ನುವುದನ್ನು ಬಿಡಿ. ನಮ್ಮ ಬಯಲುಸೀಮೆಯಲ್ಲಿ ಕುರುಬರು ಮೇಯಿಸುವ ದಖನಿ ಕುರಿ ಹೆಚ್ಚಾಗಿ ಕಪ್ಪು, ಕಂಬಳಿ ಕಪ್ಪಾಗಿರುವುದೂ ಅದಕ್ಕೇ. ಹಳೇ ಕಂಬಳಿಯ ಎಳೆ ಬಿಚ್ಚಿ ಅಂಟಿಸಿದರೆ ಮಕ್ಕಳಿಗೆ ಕುರಿಯ ವಾಸನೆಯೂ ಸಿಗುತ್ತದೆ. "ಯೆಹೋವನು ನನಗೆ ಕುರುಬನು" ಅಂತ ಬಾಯಿಪಾಠ ಮಾಡುವ ಮಗು ಮಳೆಯಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು ನಿಂತ ಕುರುಬನನ್ನು ನೆನೆಯಲಿ. ತಪ್ಪಿಹೋದ ಕುರಿಯ ಕಥೆಗಾದರೆ ಹತ್ತು ಮಕ್ಕಳು ಹತ್ತತ್ತು ಹೆಬ್ಬೆಟ್ಟು ಒತ್ತಿ ನೂರು ಕುರಿ ಮಾಡಲಿ. ಒಂದನ್ನು ನೀವು ಕತ್ತರಿಸಿ ಬಚ್ಚಿಡಿ, ಅವರು ಎಣಿಸಿ, ಯಾರದ್ದು ಕಳೆದಿದೆ ಅಂತ ಬೆರಳ ಗೆರೆ ನೋಡಿ ಹುಡುಕಲಿ. ಹೆಬ್ಬೆಟ್ಟಿನ ಗುರುತು ಒಬ್ಬರದ್ದಿದ್ದ ಹಾಗೆ ಇನ್ನೊಬ್ಬರದ್ದಿಲ್ಲ, ಅಷ್ಟು ಹೇಳಿದರೆ ಸಾಕು.

ತಂದೆ ಯಾಕೋಬ ಪ್ರೀತಿಯಿಂದ ಕೊಟ್ಟಿದ್ದ, ಆಮೇಲೆ ಅಣ್ಣಂದಿರು ರಕ್ತದಲ್ಲಿ ಅದ್ದಿದ ಯೋಸೇಫನ ಅಂಗಿಯನ್ನು ನಾನು ಕೌದಿಯ ಹಾಗೆ ಹೊಲಿಸುತ್ತೇನೆ. ಎಂಟು ವರ್ಷ ದಾಟಿದವರಿಗೆ, ಮೊಂಡು ಸೂಜಿ ಕೊಟ್ಟು, ಎರಡು ಭಾನುವಾರ. ಪ್ರತಿ ಮಗು ಮನೆಯಿಂದ ಒಂದು ಬಟ್ಟೆ ಚೂರು ತರಬೇಕು, ಅದು ಯಾರ ಬಟ್ಟೆ ಅಂತ ಹೇಳಬೇಕು. ಅಜ್ಜಿಯ ಇಳಕಲ್ ಸೀರೆ, ತಮ್ಮನ ಮೊದಲ ಅಂಗಿ, ಹೀಗೆ ಬರುತ್ತವೆ. ಸಾದಾ ಕೌದಿ ಹೊಲಿಗೆ, ಒಳಗೊಮ್ಮೆ ಹೊರಗೊಮ್ಮೆ, ಯಾರಿಗಾದರೂ ಬರುತ್ತದೆ. ಬರದಿದ್ದರೆ ಸಭೆಯ ಅಜ್ಜಿಯರನ್ನು ಕರೆಯಿರಿ, ಖುಷಿಯಿಂದ ಬರುತ್ತಾರೆ. ಅಂಗಿ ಮುಗಿದ ದಿನ ಒಂದು ಬೋಗುಣಿಯಲ್ಲಿ ಕೆಂಪು ನೀರು ಇಟ್ಟು ಕೇಳಿ: "ಅಣ್ಣಂದಿರು ಇದನ್ನು ಏನು ಮಾಡಿದರು? ನಾವೂ ಅದ್ದೋಣವಾ?" ಅದ್ದಬೇಡಿ, ಕೇಳಿದರೆ ಸಾಕು. ನನ್ನ ಮಕ್ಕಳು ಅಂಗಿಯನ್ನು ಎದೆಗೆ ಅವಚಿಕೊಂಡು ಹಿಂದೆ ಸರಿದರು. ಯಾಕೋಬ ಆ ಅಂಗಿ ನೋಡಿ ಯಾಕೆ ಅಷ್ಟು ಅತ್ತ ಅಂತ ಆಮೇಲೆ ನಾನು ವಿವರಿಸಲೇ ಇಲ್ಲ. ಕಥೆಯನ್ನು ಅಲ್ಲಿ ಬಿಡಬೇಡಿ ಮಾತ್ರ. ಆದಿಕಾಂಡ 45ರಲ್ಲಿ ಯೋಸೇಫ ಅಣ್ಣಂದಿರನ್ನು ಅಪ್ಪಿಕೊಂಡು ಅಳುವ ತನಕ ಹೋಗಿ.

ಕುಂಬಾರನ ಪಾಠ (ಯೆರೆಮೀಯ 18) ಇನ್ನೂ ಸುಲಭ. ಜೇಡಿಮಣ್ಣಿನಲ್ಲಿ ಒಂದು ಕುಡಿಕೆ ಮಾಡಿಸಿ, ಕೆಟ್ಟರೆ ಬಿಸಾಡಬೇಡ, ಅದೇ ಮಣ್ಣು ಮುದ್ದೆ ಮಾಡಿ ಮತ್ತೆ ಮಾಡು ಅನ್ನಿ. ಯೋನನನ್ನು ನುಂಗಿದ್ದು ಅಂತ ತಿಮಿಂಗಿಲ ಮಾಡಿಸುವ ಮುಂಚೆ ವಾಕ್ಯ ಓದಿ, ಅಲ್ಲಿ ಇರುವುದು ದೊಡ್ಡ ಮೀನು ಅಂತ ಮಾತ್ರ. ಕರಾವಳಿಯ ಮಕ್ಕಳು ಅಂಜಲ್ ಮೀನು ಬರೆದರೆ ಬರೆಯಲಿ.

ತರಗತಿ ನಡೆಸುವಾಗ

ಒಂದು ಗಂಟೆಯ ತರಗತಿಯಲ್ಲಿ ನಾನು ಕಥೆಗೆ 15 ನಿಮಿಷ, ಕೆಲಸಕ್ಕೆ 25, ಮಾತಿಗೆ 10, ಉಳಿದದ್ದು ಗುಡಿಸಿ ಒರೆಸಲು ಇಡುತ್ತೇನೆ. ಗುಡಿಸುವುದು ಮಕ್ಕಳೇ. ಮೂರರಿಂದ ಐದು ವರ್ಷದವರಿಗೆ ಒಂದೇ ಹೆಜ್ಜೆಯ ಕೆಲಸ ಕೊಡಿ: ಹರಿ, ಅಂಟಿಸು, ಒತ್ತು. ಆರರಿಂದ ಎಂಟರವರಿಗೆ ಮೂರು ನಾಲ್ಕು ಹೆಜ್ಜೆ. ಅದಕ್ಕಿಂತ ದೊಡ್ಡವರಿಗೆ ಕಥೆ ಓದಿಸಿ, ಏನು ಮಾಡೋಣ ಅಂತ ಅವರನ್ನೇ ಕೇಳಿ. ಅವರ ಉಪಾಯ ನಿಮ್ಮದಕ್ಕಿಂತ ಚೆನ್ನಾಗಿರುತ್ತದೆ.

ಮಗುವಿನ ಕೈಯಿಂದ ಕೆಲಸ ಕಸಿದು ನೀವು ಚೆಂದ ಮಾಡಿಕೊಡಬೇಡಿ. ಸಭೆಯವರಿಗೆ ತೋರಿಸಬೇಕು ಅಂತ ಎಷ್ಟೋ ಟೀಚರ್‌ಗಳು ಹಿಂದಿನ ರಾತ್ರಿಯೇ ಎಲ್ಲ ಕತ್ತರಿಸಿಟ್ಟು, ಮಕ್ಕಳಿಂದ ಅಂಟಿಸುವುದಷ್ಟೇ ಮಾಡಿಸುತ್ತಾರೆ. 25 ಒಂದೇ ಥರದ ಕ್ರಾಫ್ಟ್ ಗೋಡೆಗೆ ಬಂದರೆ ಅದು ಟೀಚರ್ ಮಾಡಿದ ಕೆಲಸ, ಮಕ್ಕಳದ್ದಲ್ಲ. ಕಾಲು ಐದಿರುವ ಕುರಿಯೂ ಗೋಡೆಗೆ ಹೋಗಲಿ.

ಯೇಸುವಿನ ಮುಖ ಬರೆಯಿಸುವ ವಿಷಯದಲ್ಲಿ ಸಭೆಗೊಂದು ಅಭಿಪ್ರಾಯ ಇದೆ. ಕಥೋಲಿಕ ಧರ್ಮೋಪದೇಶದ ತರಗತಿಯಲ್ಲಿ ಅದು ಪ್ರಶ್ನೆಯೇ ಅಲ್ಲ, ಕೆಲವು ಸಭೆಗಳಲ್ಲಿ ಬೇಡ ಅನ್ನುತ್ತಾರೆ. ಮೊದಲೇ ಕೇಳಿಕೊಳ್ಳಿ. ವಿಬಿಎಸ್‌ಗೆ ಅಕ್ಕಪಕ್ಕದ ಬೇರೆ ಧರ್ಮದ ಮಕ್ಕಳೂ ಆಟಕ್ಕೆ ಅಂತ ಬರುತ್ತಾರೆ. ಅವರ ತಂದೆತಾಯಿಯನ್ನು ಕಂಡು, ಇಲ್ಲಿ ಸತ್ಯವೇದದ ಕಥೆ ಹೇಳುತ್ತೇವೆ ಅಂತ ಬಾಯಿಬಿಟ್ಟು ಹೇಳಿ, ಒಪ್ಪಿದರೆ ಮಾತ್ರ ಸೇರಿಸಿಕೊಳ್ಳಿ.

ಮನೆಗೆ ಹೋಗುವ ಮುಂಚೆ ಪ್ರತಿ ಮಗು ತನ್ನ ಕೆಲಸ ತೋರಿಸಿ ಒಂದೇ ವಾಕ್ಯದಲ್ಲಿ ಕಥೆ ಹೇಳಬೇಕು, ಬಾಗಿಲಲ್ಲಿ ನಿಂತು ನನಗೆ. "ಇದು ಮಾಳಿಗೆ" ಅಂದರೆ ಸಾಲದು. "ನಾವು ನಾಲ್ಕು ಜನ ಇವನನ್ನು ಯೇಸುವಿನ ಹತ್ತಿರ ಇಳಿಸಿದ್ವಿ" ಅಂದರೆ ಹೋಗಬಹುದು. ಹಾಗೆ ಹೇಳಲು ಬಾರದ ಮಕ್ಕಳು ಮೂರಕ್ಕಿಂತ ಜಾಸ್ತಿ ಇದ್ದರೆ ಆ ಕ್ರಾಫ್ಟನ್ನು ನನ್ನ ಪುಸ್ತಕದಲ್ಲಿ ಅಡ್ಡಗೆರೆ ಹಾಕಿ ಬಿಡುತ್ತೇನೆ.

ಮಾಳಿಗೆಯಿಂದ ಶುರು ಮಾಡುವುದಾದರೆ ಈ ವಾರ ಬೇಕಾದದ್ದು ಇಷ್ಟು: ನಾಲ್ಕು ಮಕ್ಕಳಿಗೊಂದು ಶೂ ಡಬ್ಬ, ಒಂದು ಹಿಡಿ ತೆಂಗಿನ ಕಡ್ಡಿ, ಒಣಹುಲ್ಲು, ಹಳೇ ಪಂಚೆ, ನೂಲಿನ ಉಂಡೆ, ಒಂದು ಬಕೆಟ್ ಕೆಸರು, ಮತ್ತು ನೆಲಕ್ಕೆ ಹಾಸಲು ಗೋಣಿಚೀಲ. ಡಬ್ಬದ ಕಿಂಡಿಯನ್ನು ಶನಿವಾರವೇ ಕತ್ತರಿಸಿಟ್ಟುಕೊಳ್ಳಿ.